ಮಗನಿಗೆ ಮೂರು ಪಂದ್ಯಗಳ ನಿಷೇಧ: ಒಪ್ಪಿಕೊಳ್ಳುವುದೇ, ಟ್ರಿಬ್ಯೂನಲ್‌ಗೆ ಹೋಗುವುದೇ? ಅನುಭವ ತಿಳಿಸಿ

ಟಾರ್ನೀಟ್ ತಂದೆ
ಮೆಲ್ಬರ್ನಿನ ಪಶ್ಚಿಮ ಭಾಗದ ಒಂದು ಸ್ಥಳೀಯ ಕ್ಲಬ್ಬಿಗೆ ನನ್ನ ಹದಿನೇಳು ವರ್ಷದ ಮಗ ಫುಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್) ಆಡುತ್ತಾನೆ. ಕಳೆದ ಶನಿವಾರ ಅವನು ಕೊಟ್ಟ ಬಂಪ್ (ಭುಜದಿಂದ ಕೊಡುವ ಡಿಕ್ಕಿ), ಚೆಂಡಿಗೆ ಬಾಗಿದ್ದ ಎದುರಾಳಿಯ ತಲೆಗೆ ತಗುಲಿ ಆ ಹುಡುಗನಿಗೆ ಕನ್ಕಷನ್ (ಮಿದುಳಿಗೆ ಆಘಾತ) ಆಗಿದೆ. ಆರೋಪವನ್ನು ಒಪ್ಪಿಕೊಂಡರೆ ಮೂರು ಪಂದ್ಯ, ಶಿಸ್ತು ವಿಚಾರಣೆ ನಡೆಸುವ ಟ್ರಿಬ್ಯೂನಲ್ಲಿನಲ್ಲಿ ಸೋತರೆ ನಾಲ್ಕು ಎಂದು ಲೀಗ್ ಬರೆದಿದೆ. ಫೈನಲ್ಸ್ (ಋತುವಿನ ಕೊನೆಯ ನಿರ್ಣಾಯಕ ಪಂದ್ಯಗಳ ಸುತ್ತು) ಹತ್ತಿರವಿದೆ, ಹೋರಾಡಲೇಬೇಕು ಎಂದು ಕೋಚ್ ಪಟ್ಟು ಹಿಡಿದಿದ್ದಾರೆ. ತಂಡ ಈ ವರ್ಷ ಫೈನಲ್ಸ್ ತಲುಪದಿದ್ದರೆ ಅವರ ಸ್ಥಾನ ಉಳಿಯುವುದಿಲ್ಲವೆಂಬ ಮಾತೂ ಕಿವಿಗೆ ಬಿದ್ದಿದೆ. ಬುಧವಾರ ಸಂಜೆಯೊಳಗೆ ಉತ್ತರ ಕೊಡಬೇಕಾಗಿದೆ.

ಬ್ಲೂಸ್ ಬಳಗದವ
ಖಂಡಿತ ಹೋರಾಡಿ. ನಾವು ಹೋರಾಡಿದ್ದರಿಂದ ಮೂರು ಪಂದ್ಯ ಎರಡಕ್ಕೆ ಇಳಿಯಿತು. ಸುಲಭವಾಗಿತ್ತು ಎಂದು ಹೇಳುತ್ತಿಲ್ಲ. ಠೇವಣಿ 300 ಡಾಲರ್ ಕಟ್ಟಿದೆವು, ಶಿಕ್ಷೆ ಕಡಿಮೆಯಾದರೂ ಅದರಲ್ಲಿ ಒಂದು ಡಾಲರ್ ಕೂಡ ವಾಪಸ್ ಬರಲಿಲ್ಲ. ಪಂದ್ಯದ ವಿಡಿಯೊ ಎದುರಾಳಿ ಕ್ಲಬ್ಬಿನ ಬಳಿ ಮಾತ್ರ ಇತ್ತು. ಅವರು ಮೊದಲು ಇಲ್ಲವೆಂದರು, ಆಮೇಲೆ ಘಟನೆ ನಡೆದ ನಿಮಿಷವನ್ನೇ ಕತ್ತರಿಸಿದ ತುಣುಕನ್ನು ಕಳುಹಿಸಿದರು. ಪರಿಚಯದ ವಕೀಲರು ಅರ್ಧ ಶುಲ್ಕ ಸಾಕೆಂದು ಹೇಳಿಯೂ 450 ಡಾಲರ್ ಬಿಲ್ ಕೊಟ್ಟರು. ವಿಚಾರಣೆಯ ಸಂಜೆ ನಾನು ರಾತ್ರಿ ಪಾಳಿ ಬಿಟ್ಟು ಕುಳಿತೆ, ಆ ಸಂಬಳವೂ ಹೋಯಿತು. ಆದರೆ 2022ರಲ್ಲಿ ದೇಶದ ಅತ್ಯುನ್ನತ ಲೀಗ್ ಎಎಫ್ಎಲ್‌ನಲ್ಲಿ ನಮ್ಮ ಕಾರ್ಲ್ಟನ್ ತಂಡದ ಪ್ಯಾಟ್ರಿಕ್ ಕ್ರಿಪ್ಸ್ ಅವರಿಗೆ ಏನಾಯಿತು ನೋಡಿ. ಬ್ರಿಸ್ಬೇನಿನ ಆಹ್ ಚೀ ಅವರೊಂದಿಗಿನ ಡಿಕ್ಕಿಗೆ ಎರಡು ಪಂದ್ಯ ವಿಧಿಸಿದರು, ಟ್ರಿಬ್ಯೂನಲ್ ಅದನ್ನೇ ಎತ್ತಿಹಿಡಿಯಿತು, ಕೊನೆಗೆ ಮೇಲ್ಮನವಿ ಮಂಡಳಿ ರದ್ದುಪಡಿಸಿತು. ಅಂದು ಸುಮ್ಮನೆ ಒಪ್ಪಿಕೊಂಡಿದ್ದರೆ ಆ ವರ್ಷ ಅಂಪೈರ್‌ಗಳ 29 ಮತ ಪಡೆದು ಗೆದ್ದ ಬ್ರೌನ್ಲೋ ಪದಕ (ಋತುವಿನ ಶ್ರೇಷ್ಠ ಆಟಗಾರನಿಗೆ ಕೊಡುವ ಪದಕ) ಅವರ ಕೈಗೆ ಬರುತ್ತಿರಲಿಲ್ಲ, ಏಕೆಂದರೆ ನಿಷೇಧಕ್ಕೊಳಗಾದವರಿಗೆ ಆ ಪದಕವಿಲ್ಲ. 1997ರಲ್ಲಿ ಕ್ರಿಸ್ ಗ್ರಾಂಟ್ ಎಲ್ಲರಿಗಿಂತ ಹೆಚ್ಚು ಮತ ಪಡೆದೂ ಬರಿಗೈಯಲ್ಲಿ ಹೋದರು.

ಗೀಲಾಂಗಿನ ಅಮ್ಮ
ಮೇಲಿನವರು ಠೇವಣಿಯ ಲೆಕ್ಕ ಕೊಟ್ಟಿದ್ದಾರೆ, ನಾನು ಬಾಗಿದ್ದ ಹುಡುಗನ ತಾಯಿಯಾಗಿ ಲೆಕ್ಕ ಕೊಡುತ್ತೇನೆ. ನನ್ನ ಮಗನಿಗೆ ಇಂಥದ್ದೇ ಬಂಪ್ ಬಿದ್ದದ್ದು ಹನ್ನೆರಡನೇ ತರಗತಿಯ ವರ್ಷದಲ್ಲಿ. ಸ್ಥಳೀಯ ಪಂದ್ಯಗಳಲ್ಲಿ ಕನ್ಕಷನ್ ಆದವರು ಕನಿಷ್ಠ 21 ದಿನ ಆಡುವಂತಿಲ್ಲವೆಂಬ ನಿಯಮವಿದೆ, ನನ್ನ ಮಗ ಆ ಋತುವಿನಲ್ಲಿ ಮತ್ತೆ ಮೈದಾನಕ್ಕೆ ಇಳಿಯಲೇ ಇಲ್ಲ. ನರರೋಗ ತಜ್ಞರ ಮೊದಲ ಭೇಟಿಗೆ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಕೊಡುವುದನ್ನು ಕಳೆದು ನಮ್ಮ ಕೈಯಿಂದ ಹೋದದ್ದು 280 ಡಾಲರ್. ಪುಸ್ತಕ ಹಿಡಿದರೆ ತಲೆನೋವು, ಫೋನ್ ನೋಡಿದರೆ ವಾಂತಿ, ಕಾರಿನಲ್ಲಿ ಕುಳಿತರೆ ತಲೆಸುತ್ತು. ಬಂಪ್ ಕೊಟ್ಟ ಹುಡುಗನ ಮನೆಯವರು ಟ್ರಿಬ್ಯೂನಲ್ಲಿನಲ್ಲಿ 'ಅವನೇ ತಲೆ ತಗ್ಗಿಸಿಕೊಂಡ' ಎಂದು ವಾದಿಸಿದರು. ಆ ವಾಕ್ಯವನ್ನು ನಾನು ಮರೆತಿಲ್ಲ.

ಕ್ರಿಪ್ಸ್ ಅವರ ಉದಾಹರಣೆಯನ್ನು ಇಲ್ಲಿಗೆ ತರುವುದು ಸರಿಯಲ್ಲ. ಮೇಲ್ಮನವಿ ಗೆದ್ದದ್ದು ಕಾನೂನಿನ ದೋಷ ಹಿಡಿದು, ಡಿಕ್ಕಿ ನಿರಪಾಯಕರವಾಗಿತ್ತು ಎಂದಲ್ಲ. ಆಹ್ ಚೀ ಅವರಿಗೆ ಆದ ಕನ್ಕಷನ್ ತೀರ್ಪಿನಿಂದ ವಾಸಿಯಾಗಲಿಲ್ಲ.

ಹಳೆಯ ಕೋಚ್
ಕೋಚ್ ಮೇಲೆ ಬೀಳುವ ಒತ್ತಡದ ಬಗ್ಗೆ ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನಾನು ಅಂಡರ್ 17 ತಂಡವನ್ನು ನೋಡಿಕೊಳ್ಳುತ್ತಿದ್ದಾಗ ಕ್ಲಬ್ ಕೊಡುತ್ತಿದ್ದ ಗೌರವಧನ ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಸ್ಟ್ರಾಪಿಂಗ್ ಟೇಪ್, ಐಸ್, ಮಕ್ಕಳು ಮರೆತು ಬಂದ ಮೌತ್‌ಗಾರ್ಡಿಗೆ ಬದಲಿ, ಇವೆಲ್ಲ ನನ್ನ ಜೇಬಿನಿಂದಲೇ. ನಮ್ಮ ನಾಯಕ ಇದೇ ಆರೋಪದ ಮೇಲೆ ವರದಿಯಾದಾಗ, ಚೆಂಡು ಎರಡು ಮೀಟರಿನೊಳಗಿತ್ತು ಎಂದು ನಾನು ಟ್ರಿಬ್ಯೂನಲ್ಲಿನಲ್ಲಿ ಸಾಕ್ಷಿ ಹೇಳಬೇಕೆಂದು ಕಮಿಟಿಯವರು ಕೇಳಿದರು. ಚೆಂಡು ಅಲ್ಲಿರಲಿಲ್ಲ. ನಾನು ಒಪ್ಪಲಿಲ್ಲ. ಹುಡುಗನಿಗೆ ನಾಲ್ಕು ಪಂದ್ಯ ಬಿತ್ತು, ನಾವು ಮೊದಲ ಫೈನಲ್ಲಿನಲ್ಲೇ ಸೋತೆವು, ಮುಂದಿನ ವರ್ಷ ನನ್ನ ಜಾಗಕ್ಕೆ ಕಮಿಟಿ ಸದಸ್ಯರೊಬ್ಬರ ಭಾವಮೈದುನ ಬಂದ. ಅವನಿಗೆ ಹೊಸ ಟ್ರ್ಯಾಕ್ ಸೂಟ್ ಕೂಡ ಕೊಡಿಸಿದರು. ನನ್ನದನ್ನು ನಾನೇ ಖರೀದಿಸಿದ್ದೆ.

ಮೇಲಿನ ಹಂತದಲ್ಲಿಯೂ ಕಥೆ ಬೇರೆಯಲ್ಲ. ಮೆಲ್ಬರ್ನ್ ತಂಡಕ್ಕೆ 57 ವರ್ಷಗಳ ನಂತರ 2021ರಲ್ಲಿ ಪ್ರೀಮಿಯರ್‌ಶಿಪ್ ಕಪ್ ತಂದುಕೊಟ್ಟ ಕೋಚ್ ಸೈಮನ್ ಗುಡ್ವಿನ್ ಅವರನ್ನು 2025ರ ಆಗಸ್ಟಿನಲ್ಲಿ ಮನೆಗೆ ಕಳುಹಿಸಿದರು. ಮೂರು ಕಪ್ ಗೆದ್ದ ಹಾರ್ಡ್ವಿಕ್ 2023ರ ಋತುವಿನ ನಡುವೆಯೇ ದಣಿದು ರಿಚ್ಮಂಡ್ ಬಿಟ್ಟರು. ಅದೇ ವರ್ಷ ಮೈಕಲ್ ವಾಸ್ ಅವರನ್ನು ಕಿತ್ತೊಗೆಯಿರಿ ಎಂದು ಜೂನಿನಲ್ಲಿ ಕೂಗಿದ ಕಾರ್ಲ್ಟನ್ ಅಭಿಮಾನಿಗಳೇ ಸೆಪ್ಟೆಂಬರಿನಲ್ಲಿ ತಂಡ ಸೆಮಿ ದಾಟಿ, ಗ್ರ್ಯಾಂಡ್ ಫೈನಲ್ಲಿಗೆ ಒಂದೇ ಹೆಜ್ಜೆ ಮೊದಲಿನ ಪ್ರಿಲಿಮಿನರಿ ಫೈನಲ್ ತಲುಪಿದಾಗ ಅವರ ಹೆಸರನ್ನು ಜಪಿಸಿದರು.

ಬ್ಲೂಸ್ ಬಳಗದವ
ನಾನು ವಾಸ್ ವಿರುದ್ಧ ಎಂದೂ ಕೂಗಿಲ್ಲ, ದಯವಿಟ್ಟು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ತಮ್ಮ ನಾಯಕನ ಪರವಾಗಿ ಒಂದು ಮಾತನ್ನೂ ಆಡದ ಕೋಚ್, ತಮಗಾದ ಅನ್ಯಾಯದ ಬಗ್ಗೆ ಮಾತ್ರ ಇಷ್ಟು ಬರೆಯುತ್ತಿರುವುದು ನನಗೆ ಸೋಜಿಗವೆನಿಸುತ್ತದೆ. ಚೆಂಡಿನ ದೂರ ಬಿಟ್ಟು ಅವನ ನಡತೆಯ ಬಗ್ಗೆ ಹೇಳಬಹುದಿತ್ತಲ್ಲ? 2024ರಲ್ಲಿ ಚಾರ್ಲಿ ಕ್ಯಾಮರನ್ ಅವರ ಉತ್ತಮ ದಾಖಲೆ ನೋಡಿಯೇ ಟ್ರಿಬ್ಯೂನಲ್ ನಿಷೇಧವನ್ನು ದಂಡಕ್ಕೆ ಇಳಿಸಿತು.

ಹಳೆಯ ಕೋಚ್
ನಡತೆಯ ಬಗ್ಗೆ ಪತ್ರ ಕೊಟ್ಟಿದ್ದೆ. ಸುಳ್ಳು ಸಾಕ್ಷಿಯನ್ನು ಮಾತ್ರ ಕೊಡಲಿಲ್ಲ. ನಿಮ್ಮ ವಕೀಲರ ಬಿಲ್ಲಿಗಿಂತ ಅದು ನನಗೆ ದುಬಾರಿಯಾಯಿತು, ಆದರೂ ಇಂದು ಕೇಳಿದರೂ ಅದನ್ನೇ ಮಾಡುತ್ತೇನೆ.

ಕಪ್ಪು ಬಿಳಿ
ಎಲ್ಲ ಡಿಕ್ಕಿಯೂ ಅಪರಾಧವಲ್ಲ ಎಂಬುದನ್ನು ಯಾರೂ ಹೇಳುತ್ತಿಲ್ಲ. 2023ರ ಫೈನಲ್ಸಿನಲ್ಲಿ ನಮ್ಮ ಮೇನಾರ್ಡ್ ಚೆಂಡನ್ನು ತಡೆಯಲು ಜಿಗಿದು ಆಂಗಸ್ ಬ್ರೇಶಾ ಅವರಿಗೆ ಅಪ್ಪಳಿಸಿದರು. ಗಾಳಿಯಲ್ಲಿರುವ ಮನುಷ್ಯ ದಿಕ್ಕು ಬದಲಿಸುವುದು ಸಾಧ್ಯವೇ ಎಂದು ತಜ್ಞರ ಸಾಕ್ಷ್ಯ ಕೇಳಿದ ಟ್ರಿಬ್ಯೂನಲ್ ಅವರನ್ನು ಬಿಡುಗಡೆ ಮಾಡಿತು, ಕಾಲಿಂಗ್‌ವುಡ್ ಆ ವರ್ಷ ಕಪ್ ಗೆದ್ದಿತು.

ಗೀಲಾಂಗಿನ ಅಮ್ಮ
ಬ್ರೇಶಾ 2024ರ ಫೆಬ್ರುವರಿಯಲ್ಲಿ, 28ನೇ ವಯಸ್ಸಿಗೇ ನಿವೃತ್ತರಾದರು ಎಂಬುದನ್ನು ಏಕೆ ಬಿಟ್ಟಿರಿ? ಆ ತೀರ್ಪಿನ ಬೆನ್ನಲ್ಲೇ ಎಎಫ್ಎಲ್ ಜಿಗಿದು ತಡೆಯುವವರ ಹೊಣೆಯನ್ನು ಬಿಗಿಗೊಳಿಸಿ ನಿಯಮವನ್ನೇ ಬದಲಿಸಬೇಕಾಯಿತು.

ಕಪ್ಪು ಬಿಳಿ
ಅವರಿಗೆ ಹಿಂದೆಯೂ ಕನ್ಕಷನ್‌ಗಳಾಗಿದ್ದವು, ಹೆಲ್ಮೆಟ್ ಧರಿಸಿಯೇ ಆಡುತ್ತಿದ್ದರು. ಒಂದೇ ಘಟನೆಗೆ ಎಲ್ಲವನ್ನೂ ಕಟ್ಟಬೇಡಿ.

ಗೀಲಾಂಗಿನ ಅಮ್ಮ
'ಅವನೇ ತಲೆ ತಗ್ಗಿಸಿಕೊಂಡ' ಎಂಬ ವಾದಕ್ಕೂ ಇದಕ್ಕೂ ಏನು ವ್ಯತ್ಯಾಸ, ಸರ್?

ಪರ್ತ್ ಕಡೆಯವ
ನ್ಯಾಯ ಎಲ್ಲರಿಗೂ ಒಂದೇ ಆಗಿದ್ದರೆ ಚೆನ್ನಾಗಿತ್ತು. 2018ರಲ್ಲಿ ಆಂಗಸ್ ಅವರ ತಮ್ಮ ಆಂಡ್ರ್ಯೂ ಬ್ರೇಶಾಗೆ ಗುದ್ದಿ ದವಡೆ ಮುರಿದ ನಮ್ಮ ಗ್ಯಾಫ್ ಎಂಟು ಪಂದ್ಯ ಕಳೆದುಕೊಂಡು, ವೆಸ್ಟ್ ಕೋಸ್ಟ್ ಐದು ಅಂಕಗಳಿಂದ ಗೆದ್ದ ಗ್ರ್ಯಾಂಡ್ ಫೈನಲ್ಲನ್ನು ಹೊರಗೆ ಕುಳಿತು ನೋಡಿದರು. ಅದು ಸರಿಯಾದ ಶಿಕ್ಷೆಯೇ. ಆದರೆ 2005ರ ಪ್ರಿಲಿಮಿನರಿ ಫೈನಲ್ಲಿನಲ್ಲಿ ಎದುರಾಳಿಗೆ ಹೊಡೆದ ಸಿಡ್ನಿಯ ಬ್ಯಾರಿ ಹಾಲ್ ನಿಷೇಧವಿಲ್ಲದೆ ಮುಂದಿನ ವಾರ ನಮ್ಮ ವಿರುದ್ಧವೇ ಆಡಿ ಕಪ್ ಎತ್ತಿದರು. 2017ರಲ್ಲಿ ರಿಚ್ಮಂಡ್ ನಾಯಕ ಕಾಚಿನ್ ಅವರಿಗೂ ಹಾಗೆಯೇ ದಾರಿ ಸಿಕ್ಕಿತು.

ಬ್ಲೂಸ್ ಬಳಗದವ
ಕಾಚಿನ್ ಚೆಂಡಿನ ಮೇಲೆಯೇ ಹೋದರು. ಹಾಲ್ ಅವರ ಹೊಡೆತಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಟಾರ್ನೀಟ್ ತಂದೆ
ಎಲ್ಲರಿಗೂ ವಂದನೆಗಳು. ನನ್ನ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ: ನಮ್ಮ ಬಳಿ ವಿಡಿಯೊ ಇಲ್ಲ, ಮಗ 'ನಾನು ಬಂಪ್ ಮಾಡಲೆಂದೇ ಹೋದೆ' ಎನ್ನುತ್ತಿದ್ದಾನೆ, ಕೋಚ್ ಇಂದು ಮತ್ತೆ ಫೋನ್ ಮಾಡಿದ್ದರು.

ಹಳೆಯ ಕೋಚ್
ಹಾಗಾದರೆ ಟ್ರಿಬ್ಯೂನಲ್ಲಿನಲ್ಲಿ ಅವನು ಏನು ಹೇಳಬೇಕೆಂದು ಕೋಚ್ ಬಯಸುತ್ತಾರೆ ಎಂದು ಅವರನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ಕಳುಹಿಸಲು ಹೇಳಿ. ಸ್ಥಳೀಯ ಫುಟಿಯಲ್ಲಿ ಆಟಗಾರನ ಒಟ್ಟು ನಿಷೇಧ 16 ಪಂದ್ಯ ತಲುಪಿದರೆ ನೋಂದಣಿಯೇ ರದ್ದಾಗುತ್ತದೆ. ಆ ಲೆಕ್ಕ ನಿಮ್ಮ ಮಗನ ಹೆಸರಿನಲ್ಲಿ ಬೆಳೆಯುತ್ತದೆ, ಕೋಚ್ ಹೆಸರಿನಲ್ಲಿ ಅಲ್ಲ.

ಬ್ಲೂಸ್ ಬಳಗದವ
ಮೂರಕ್ಕೂ ನಾಲ್ಕಕ್ಕೂ ಒಂದೇ ಪಂದ್ಯದ ವ್ಯತ್ಯಾಸ, 16ರ ಹೆದರಿಕೆ ಏಕೆ ಹುಟ್ಟಿಸುತ್ತೀರಿ? ವಿಡಿಯೊ ಎದುರಾಳಿಗಳ ಬಳಿ ಇದ್ದೇ ಇರುತ್ತದೆ. ಇಂದೇ ಲೀಗಿಗೆ ಇಮೇಲ್ ಬರೆದು ಕೇಳಿ, ಕತ್ತರಿಸದ ಪೂರ್ತಿ ಕಡತವೇ ಬೇಕೆಂದು ಸ್ಪಷ್ಟವಾಗಿ ನಮೂದಿಸಿ.