ಗುರುತಿಲ್ಲದ ಅಂಗಡಿಗಳಿಗೆ ಜೀನ್ಸ್ ಮಾರೋಕೆ ಮೇಲ್ ಬರೆದಿದ್ದೇನೆ, ಕಳಿಸೋ ಮೊದಲು ನೋಡಿ ಹೇಳ್ತೀರಾ?

ಕೌಲ್‌ಬಜಾರ್ ಹುಡುಗ, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಯೂನಿಟ್ ಇದೆ. ಕಟಿಂಗ್, ಸ್ಟಿಚಿಂಗ್ ನಮ್ಮಲ್ಲೇ. ವಾಷಿಂಗ್ ಹೊರಗೆ ಕೊಡುತ್ತೇವೆ. ಇಷ್ಟು ವರ್ಷ ಏಜೆಂಟರ ಕೈಲೇ ಮಾಲು ಹೋಗುತ್ತಿತ್ತು. ಈಗ ಅಪ್ಪ "ನೀನು ಓದಿದವನು, ಅಂಗಡಿಯವರಿಗೆ ನೇರ ಬರೆದು ನೋಡು" ಅಂತಿದ್ದಾರೆ. ರಾಯಚೂರು, ಕಲಬುರಗಿ, ಸೊಲ್ಲಾಪುರ, ಕರ್ನೂಲು ಕಡೆಯ ಬಟ್ಟೆ ಅಂಗಡಿಗಳ ಇಮೇಲ್ ಪಟ್ಟಿ ಮಾಡಿಟ್ಟಿದ್ದೇನೆ. ಮೇಲ್ ಹೀಗಿದೆ:

ಸಬ್ಜೆಕ್ಟ್: ಭರ್ಜರಿ ಆಫರ್!!! ಬಳ್ಳಾರಿಯ ನಂಬರ್ 1 ಜೀನ್ಸ್ ತಯಾರಕರಿಂದ

"ಮಾನ್ಯ ಸರ್/ಮೇಡಂ, ನಾವು ಬಳ್ಳಾರಿಯ ಪ್ರಮುಖ ಜೀನ್ಸ್ ತಯಾರಕರು. ಉತ್ತಮ ಗುಣಮಟ್ಟ, ಕಡಿಮೆ ದರ, ಸಮಯಕ್ಕೆ ಸರಿಯಾಗಿ ಡೆಲಿವರಿ ನಮ್ಮ ಧ್ಯೇಯ. ಗಂಡಸರ, ಹೆಂಗಸರ, ಮಕ್ಕಳ ಎಲ್ಲ ಬಗೆಯ ಜೀನ್ಸ್ ನಮ್ಮಲ್ಲಿ ಲಭ್ಯ. ಕ್ಯಾಟಲಾಗ್ ಲಗತ್ತಿಸಿದೆ. ನಿಮ್ಮ ಅಮೂಲ್ಯ ಆರ್ಡರ್ ಕೊಟ್ಟು ಸಹಕರಿಸಬೇಕಾಗಿ ವಿನಂತಿ."

ಕ್ಯಾಟಲಾಗ್ 18 ಎಂಬಿ ಪಿಡಿಎಫ್. ಎಲ್ಲರನ್ನೂ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ) ಹಾಕಿ ಒಂದೇ ಸಲ ಕಳಿಸಿಬಿಡೋಣ ಅಂತಿದ್ದೇನೆ. ಸರಿಯಾ?

ಸಿಂಧನೂರು ಮೊಬೈಲ್:

ಈಗ ಮೇಲ್ ಯಾರು ನೋಡ್ತಾರೆ ಬ್ರೋ? ವಾಟ್ಸಾಪ್‌ನಲ್ಲಿ ಫೋಟೋ ಹಾಕಿ.

ತೀನ್ ಕಂದಿಲ್ ಕೌಂಟರ್, ರಾಯಚೂರು:

ತಮ್ಮಾ, ನಿನ್ನ ಮೇಲ್ ಬಂದು ಬೀಳುವುದು ನನ್ನಂಥವರ ಅಂಗಡಿಗೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ವಾಟ್ಸಾಪ್ ಮಾತು. ಗುರುತಿಲ್ಲದ ನಂಬರಿನಿಂದ ಬೆಳಗಾದರೆ ಪ್ಯಾಂಟಿನ ಫೋಟೋ ಬಂದರೆ ನಾನು ಬ್ಲಾಕ್ ಮಾಡುತ್ತೇನೆ. ಮೇಲ್ ಹಾಗಲ್ಲ, ಬಿಡುವಾದಾಗ ನೋಡಬಹುದು. ಆದರೆ ನೋಡುವವನು ನಾನಲ್ಲ, ಇದು ನಿನಗೆ ಗೊತ್ತಿರಲಿ. ನಮ್ಮಲ್ಲಿ ಮೇಲ್ ತೆರೆಯುವುದು ಅಕೌಂಟ್ಸ್ ಹುಡುಗ. ಜಿಎಸ್‌ಟಿ, ಬ್ಯಾಂಕಿನ ಕಾಗದ ಎಲ್ಲ ಅಲ್ಲಿಗೇ ಬರುತ್ತವೆ. ಅವನು ಸಬ್ಜೆಕ್ಟ್ ಓದಿ, ಬೇಕಾದ್ದು ಅನಿಸಿದರೆ ಕೂತಲ್ಲಿಂದಲೇ ಕೂಗಿ ಹೇಳುತ್ತಾನೆ. "ಭರ್ಜರಿ ಆಫರ್" ಅಂತಿದ್ದರೆ ಅವನು ಕೂಗುವುದಿಲ್ಲ, ಡಿಲೀಟ್ ಒತ್ತುತ್ತಾನೆ. ಅವನು ಕೂಗಿ ಹೇಳಿದರೆ ನನಗೆ ಅರ್ಥವಾಗಬೇಕು, ಅಂಥ ಸಬ್ಜೆಕ್ಟ್ ಬರಿ.

"ನಂಬರ್ 1", "ಪ್ರಮುಖ ತಯಾರಕರು" ತೆಗೆದುಬಿಡು. ಉಲ್ಲಾಸನಗರದವರೂ ಅದನ್ನೇ ಬರೆಯುತ್ತಾರೆ, ದೆಹಲಿ ಗಾಂಧಿನಗರದವರೂ ಅದನ್ನೇ ಬರೆಯುತ್ತಾರೆ. ಗುಣಮಟ್ಟ ಅಂದರೆ ಏನು ಅಂತ ಹೇಳು. ಬಟ್ಟೆ ಎಷ್ಟು ಔನ್ಸು, ಅಂದರೆ ಎಷ್ಟು ಭಾರ, ಎಷ್ಟು ದಪ್ಪ? ಸ್ಟ್ರೆಚ್ ಇದೆಯಾ? ಮೊದಲ ಒಗೆತಕ್ಕೆ ಬಣ್ಣ ಎಷ್ಟು ಬಿಡುತ್ತದೆ? ನೀಲಿ ಬಿಟ್ಟು ಬಿಳಿ ಅಂಗಿ ಕೆಟ್ಟರೆ ಗಿರಾಕಿ ಬಳ್ಳಾರಿಗೆ ಬರುವುದಿಲ್ಲ, ನನ್ನ ಕೌಂಟರಿಗೆ ಬಂದು ಜಗಳ ಮಾಡುತ್ತಾನೆ.

ಇನ್ನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದ್ದು. ನಿನ್ನ ಮೇಲ್ ಪೂರ್ತಿ ನಿಮ್ಮ ಯೂನಿಟ್ ಬಗ್ಗೆ ಇದೆ. ನನ್ನ ಅಂಗಡಿ ಬಗ್ಗೆ ಒಂದು ಅಕ್ಷರ ಇಲ್ಲ. ಹಿಂದೆ ಒಬ್ಬರು ಬರೆದಿದ್ದರು. ನಿಮ್ಮೂರಿನವರೇ, ನನಗೆ ಪರಿಚಯ ಇರಲಿಲ್ಲ. ಬರೆದದ್ದು ಮೂರ್ನಾಲ್ಕು ಸಾಲು ಅಷ್ಟೇ: "ನಿಮ್ಮ ಕಡೆ 28 ಸೈಜ್ ಉಳಿಯುತ್ತದೆ ಅಂತ ಕೇಳಿದ್ದೇನೆ. 28 ಬಿಟ್ಟು 30ರಿಂದ 38ರವರೆಗೆ ಸೆಟ್ ಕಟ್ಟಿಕೊಡುತ್ತೇವೆ, 34 ಎರಡು ಪೀಸ್. ಒಂದು ಸೆಟ್ ಸ್ಯಾಂಪಲ್ ಕಳಿಸಲೇ?"

ಓದಿದ ಕೂಡಲೇ ಫೋನ್ ಮಾಡಿದೆ. ಯಾಕೆ ಗೊತ್ತಾ? ಪ್ರತಿ ಸೆಟ್ಟಿನಲ್ಲೂ 28 ತಗೊಳ್ಳಲೇಬೇಕು ಅಂತ ಎಲ್ಲರೂ ಹಟ ಹಿಡಿಯುತ್ತಾರೆ. ನಮ್ಮಲ್ಲಿ ಜೀನ್ಸ್ ಕೊಳ್ಳಲು ಬರುವವರು ಜಾಸ್ತಿ ಮದುವೆಯಾದ ಗಂಡಸರು, ಸುತ್ತಲ ಹಳ್ಳಿಯವರು. 34, 36 ಬಂದ ವಾರಕ್ಕೇ ಖಾಲಿ. 28 ಮೇಲಿನ ರ‍್ಯಾಕಿನಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದೆ, ಆ ದುಡ್ಡು ಅಲ್ಲೇ ಸತ್ತಂತೆ. ಅವರು ಇದನ್ನು ಎಲ್ಲಿ ತಿಳಿದರೋ ಗೊತ್ತಿಲ್ಲ. ಯಾವುದೋ ಅಂಗಡಿಯ ಸೇಲ್ಸ್ ಹುಡುಗನ ಜೊತೆ ಚಹಾ ಕುಡಿದಿರಬೇಕು. ನೀನೂ ಒಂದು ದಿನ ಬಸ್ ಹತ್ತಿ ಬಾ, ನಾಲ್ಕು ಅಂಗಡಿ ಸುತ್ತು, ಆಮೇಲೆ ಬರಿ.

"ಆರ್ಡರ್ ಕೊಟ್ಟು ಸಹಕರಿಸಿ" ಬೇಡ. ಮುಖ ನೋಡದವನಿಗೆ ಯಾರು ಆರ್ಡರ್ ಕೊಡುತ್ತಾರೆ? ಸ್ಯಾಂಪಲ್ ಬೇಕಾ ಅಂತ ಕೇಳು. ಹೂಂ ಅಥವಾ ಬೇಡ, ಎರಡರಲ್ಲಿ ಒಂದು ಹೇಳುವಂತಿರಬೇಕು.

ಹೊತ್ತೂ ನೋಡಬೇಕು. ದೀಪಾವಳಿ ವಾರದಲ್ಲಿ ಮೇಲ್ ಹಾಕಿದರೆ ಯಾರೂ ತೆರೆಯುವುದಿಲ್ಲ, ಆಗ ನಾವು ಮಾರುತ್ತಿರುತ್ತೇವೆ. ಹಬ್ಬದ ಖರೀದಿ ಒಂದೂವರೆ, ಎರಡು ತಿಂಗಳು ಮೊದಲೇ ಮುಗಿದಿರುತ್ತದೆ. ಏಪ್ರಿಲ್ ಬಿಸಿಲಿಗೆ ರಾಯಚೂರು 40 ಡಿಗ್ರಿ ದಾಟಿರುವಾಗ 14 ಔನ್ಸಿನ ದಪ್ಪ ಡೆನಿಮ್ ತೋರಿಸಿದರೆ, ಈ ಮನುಷ್ಯ ನಮ್ಮ ಸೀಮೆಯವನಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಕೊಪ್ಪಳ ಸರ್ವರ್:

ಬಿಸಿಸಿ ಖಂಡಿತ ಬೇಡ. ಮಾಮೂಲಿ ಜಿಮೇಲ್‌ನಲ್ಲಿ ದಿನಕ್ಕೆ 500 ಜನಕ್ಕೆ ಮಿತಿ ಇದೆ, ದಾಟಿದರೆ ಸ್ವಲ್ಪ ಹೊತ್ತು ಕಳಿಸೋಕೇ ಬಿಡಲ್ಲ. ಮಿತಿಯೊಳಗಿದ್ದರೂ ಒಂದೇ ಬರಹ ಗುಂಪಿಗೆ ಹೋಗಿ, ನಾಲ್ಕು ಜನ ಸ್ಪ್ಯಾಮ್ ಅಂತ ಒತ್ತಿದರೆ ಮುಂದಿನ ಮೇಲ್‌ಗಳೂ ಸ್ಪ್ಯಾಮ್ ಪೆಟ್ಟಿಗೆಗೇ ಹೋಗೋಕೆ ಶುರುವಾಗುತ್ತವೆ. ಅಂಗಡಿಯವರ ತಪ್ಪಲ್ಲ, ಅವರ ಕಣ್ಣಿಗೇ ಬಿದ್ದಿರಲ್ಲ.

ಯೂನಿಟ್ ಹೆಸರಲ್ಲಿ ಡೊಮೇನ್ (ಸ್ವಂತ ಇಂಟರ್ನೆಟ್ ವಿಳಾಸ) ಇದ್ದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಸಿ. ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದಿದೆ ಅನ್ನೋದಕ್ಕೆ ಇವೇ ಗುರುತು. ಡೊಮೇನ್ ಕೊಟ್ಟವರ ಪ್ಯಾನೆಲ್‌ನಲ್ಲೇ ಆಗುತ್ತೆ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಎರಡೂ ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸೋರಿಗೆ ಮೂರೂ ಕಡ್ಡಾಯ, ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ನಿಮ್ಮದು ಅಷ್ಟಿಲ್ಲ, ಆದರೂ ಇರಲಿ.

18 ಎಂಬಿ ಪಿಡಿಎಫ್ ಜಿಮೇಲ್‌ನಲ್ಲಿ ಹೋಗುತ್ತೆ, ಮಿತಿ 25. ಆದರೆ ಗುರುತಿಲ್ಲದವರ ಫೈಲ್ ಯಾರು ತೆರೀತಾರೆ? ಮೊದಲ ಮೇಲ್‌ಗೆ ಏನೂ ಅಂಟಿಸಬೇಡಿ. ಉತ್ತರ ಬಂದಮೇಲೆ ಎರಡು ಫೋಟೋ ಕಳಿಸಿ.

ಗಂಗಾವತಿ ಅಕ್ಕಿ:

ನಾನು ರಫ್ತಿನವನು. ಒಂದೇ ಬರಹವನ್ನು ವರ್ಷಗಟ್ಟಲೆ ತಿರುಗಿಸಬೇಡಿ. 2023ರ ಜುಲೈನಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಂತಿತು, ತೆರೆದದ್ದು 2024ರ ಸೆಪ್ಟೆಂಬರಿನಲ್ಲಿ. ಆ ನಡುವೆಯೂ ಕೆಲವರು "ಸೋನಾ ಮಸೂರಿ ರೆಡಿ ಸ್ಟಾಕ್" ಅಂತ ಹಳೇ ಮೇಲ್ ಕಳಿಸುತ್ತಲೇ ಇದ್ದರು. ಹೊರಗಿನ ಖರೀದಿದಾರರು ಪೇಪರ್ ಓದಲ್ವಾ?

ಮುಂದೆ ಅಮೆರಿಕಕ್ಕೆ ಬರೆಯುವುದಿದ್ದರೆ ಅಲ್ಲಿ 2003ರ ಕಾನೂನಿದೆ. ಸಬ್ಜೆಕ್ಟ್‌ನಲ್ಲಿ ಸುಳ್ಳು ಇರಬಾರದು, ನಿಮ್ಮ ಅಂಚೆ ವಿಳಾಸ ಇರಬೇಕು, ಬೇಡ ಅನ್ನಲು ದಾರಿ ಇರಬೇಕು. ಬೇಡ ಅಂದವರಿಗೆ 10 ಕೆಲಸದ ದಿನಗಳ ಒಳಗೆ ನಿಲ್ಲಿಸಬೇಕು. ಮಾತೇ ಆಡದವರಿಗೆ "ರೀ:" ಅಂತ ಹಾಕಿ ಹಳೇ ಮಾತುಕತೆ ಇದ್ದಂತೆ ತೋರಿಸೋದು ನನಗಂತೂ ಶುದ್ಧ ಮೋಸ. ರಾಯಚೂರಿಗೂ ಬೇಡ, ಅಮೆರಿಕಕ್ಕೂ ಬೇಡ.

ಕೌಲ್‌ಬಜಾರ್ ಹುಡುಗ:

ತುಂಬಾ ಥ್ಯಾಂಕ್ಸ್. ಕಾಕಾ, ಇದು ನೋಡಿ:

ಸಬ್ಜೆಕ್ಟ್: ಬಳ್ಳಾರಿ ಜೀನ್ಸ್, 30ರಿಂದ 38 ಸೆಟ್, ಸ್ಯಾಂಪಲ್ ಕಳಿಸಲೇ?

"ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಚಿಕ್ಕ ಯೂನಿಟ್. 10 ಔನ್ಸ್ ಸ್ಟ್ರೆಚ್ ಬಟ್ಟೆ, ನೀಲಿ ಮತ್ತು ಕಪ್ಪು. ನಿಮ್ಮಲ್ಲಿ ಯಾವ ಸೈಜ್ ಉಳಿಯುತ್ತದೆ ಹೇಳಿದರೆ ಅದನ್ನು ಬಿಟ್ಟು ಸೆಟ್ ಕಟ್ಟುತ್ತೇವೆ. ಒಂದು ಸೆಟ್ ಕಳಿಸಲೇ? ನೋಡಿ, ಒಗೆದು, ಆಮೇಲೆ ಹೇಳಿ."

ಉತ್ತರ ಬರದಿದ್ದರೆ ಎಷ್ಟು ಸಲ ನೆನಪಿಸಬಹುದು?

ತೀನ್ ಕಂದಿಲ್ ಕೌಂಟರ್:

ಒಗೆದು ಹೇಳಿ ಅಂದದ್ದು ಚೆನ್ನಾಗಿದೆ. ನೆನಪಿಸುವುದು ಒಂದೇ ಸಲ, ಹತ್ತು ದಿನ ಬಿಟ್ಟು. ಅದರಲ್ಲೂ ಹೊಸದೇನಾದರೂ ಇರಲಿ, ಹೊಸ ವಾಷ್ ಬಂದಿದೆ ಅಂತಲೋ ಏನೋ. "ನನ್ನ ಮೇಲ್ ನೋಡಿದಿರಾ" ಅಂತ ಸುಮ್ನೆ ಕೇಳಿದರೆ ಸಾಲ ವಸೂಲಿಗೆ ಬಂದಂತೆ ಕಾಣುತ್ತದೆ.

ಒಂದು ಬಿಟ್ಟಿದ್ದೀಯ, ರೇಟು. ಪೂರ್ತಿ ಪಟ್ಟಿ ಬೇಡ, ಒಂದು ಪೀಸಿನದು ಸಾಕು. ಜಿಎಸ್‌ಟಿ ಸೇರಿಯೋ ಬಿಟ್ಟೋ ಅದನ್ನೂ ಬರಿ. 2025ರ ಸೆಪ್ಟೆಂಬರಿನಿಂದ ಪೀಸಿಗೆ 2,500 ರೂಪಾಯಿವರೆಗಿನ ಬಟ್ಟೆಗೆ ಶೇ 5 ಇದೆ. ಲಾರಿ ಬಾಡಿಗೆ ಯಾರದು ಅಂತಲೂ ಹೇಳು. ಉದ್ರಿ ಮಾತು ಮಾತ್ರ ಮೇಲ್‌ನಲ್ಲಿ ಎತ್ತಬೇಡ, ಅದನ್ನು ನಾನೇ ಫೋನಿನಲ್ಲಿ ಎತ್ತುತ್ತೇನೆ. ಸ್ಯಾಂಪಲ್ಲಿನಲ್ಲಿ ಕಪ್ಪು 36 ಒಂದು ಇರಲಿ.