ಅಪ್‌ಡೇಟ್: ಭೂಮಿ ಕಲ್ಲು, ಗುರು ಅನಿಲ ಯಾಕೆ?

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಅನಿಲ, ಧೂಳಿನ ಒಂದೇ ಮೋಡದಿಂದ ಹುಟ್ಟಿದರೂ ಭೂಮಿ ಕಲ್ಲಿನದು, ಗುರು ಅನಿಲದ್ದು ಯಾಕೆ ಅಂತ ಕೇಳಿದ್ದೆ ಅಲ್ವಾ? ಮಂಡ್ಯದಲ್ಲಿ ನಮ್ಮ ಹೈಸ್ಕೂಲ್ ಮಕ್ಕಳಿಗೆ ಹೇಳಬೇಕಿತ್ತು, ಹೇಳಿದೆ.

ಎಲ್ಲಾ ನಿಂತಿರೋದು ಹಿಮರೇಖೆಯ ಮೇಲೆ, ಅಂದ್ರೆ ಸೂರ್ಯನಿಂದ ಎಷ್ಟು ದೂರ ಹೋದರೆ ನೀರು ಮಂಜುಗಡ್ಡೆಯಾಗುತ್ತೋ ಆ ಗಡಿಯ ಮೇಲೆ. ಸುಮಾರು 460 ಕೋಟಿ ವರ್ಷದ ಹಿಂದೆ ಸೂರ್ಯನ ಹತ್ತಿರ ಬಿಸಿ ಜಾಸ್ತಿ ಇತ್ತು, ನೀರು ಆವಿಯಾಗಿಯೇ ಇತ್ತು, ಗಟ್ಟಿಯಾಗಿ ಉಳಿದದ್ದು ಕಲ್ಲು, ಕಬ್ಬಿಣ ಮಾತ್ರ, ಅದೂ ಸ್ವಲ್ಪವೇ. ಸೂರ್ಯನಿಂದ ಭೂಮಿಗಿರುವ ದೂರದ ಸುಮಾರು ಮೂರು ಪಟ್ಟು ಆಚೆ ಹೋದರೆ ಮಂಜುಗಡ್ಡೆಯೂ ಸಿಗುತ್ತಿತ್ತು. ಅಲ್ಲಿ ಭೂಮಿಯ ಹತ್ತು ಪಟ್ಟು ತೂಕದ, ಗುರುವಿನ ಗಟ್ಟಿ ತಿರುಳು ಬೇಗ ಬೆಳೆದು, ಸುತ್ತಲಿನ ಹೈಡ್ರೋಜನ್, ಹೀಲಿಯಂ ಎಳೆದುಕೊಂಡಿತು. ಈಗ ಗುರುವಿನ ತೂಕ 318 ಭೂಮಿಗಳಷ್ಟು!

ನನಗೆ ತುಂಬಾ ಹಿಡಿಸಿದ್ದು ಸಮಯದ ಲೆಕ್ಕ. ಸೂರ್ಯನ ಸುತ್ತ ಉಳಿದಿದ್ದ ಅನಿಲ ಹೆಚ್ಚೆಂದರೆ ಒಂದು ಕೋಟಿ ವರ್ಷದಲ್ಲಿ ಚದುರಿತು. ಗುರು ಅಷ್ಟರೊಳಗೆ ಬೆಳೆದಿತ್ತು. ಭೂಮಿ ಪೂರ್ತಿಯಾಗೋಕೆ ಇನ್ನೂ ಕೋಟಿಗಟ್ಟಲೆ ವರ್ಷ ಬೇಕಾಯಿತು.

ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದ್ರೆ ನಕ್ಷತ್ರದ ಪಕ್ಕದಲ್ಲೇ ಗುರು ಥರದ ಗ್ರಹ ಇರಲ್ವಾ ಮಿಸ್?" ಅಂದಳು. ಎಂಥಾ ಪ್ರಶ್ನೆ! ಇದೆ. 1995ರಲ್ಲಿ ಸಿಕ್ಕ 51 ಪೆಗಾಸಿ ಬಿ ಅನ್ನೋ ಗ್ರಹ ಸುಮಾರು ನಾಲ್ಕೇ ದಿನದಲ್ಲಿ ತನ್ನ ನಕ್ಷತ್ರವನ್ನು ಸುತ್ತುತ್ತೆ. ದೂರದಲ್ಲಿ ಹುಟ್ಟಿ ಆಮೇಲೆ ಒಳಗೆ ಸರಿದಿರಬಹುದು ಅನ್ನೋದು ಒಂದು ವಿವರಣೆ. ಮುಂದಿನ ಕ್ಲಾಸಲ್ಲಿ ಅದನ್ನೇ ತಗೋತೀನಿ.