ಸಹಾಯ ಬೇಕು: ಚಾರ್ಟಿಸ್ಟ್ ಚಳವಳಿ ಬಗ್ಗೆ ಏನು ಓದಲಿ?

ನಮಸ್ಕಾರ. ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಎಲಿಜಬೆತ್ ಗ್ಯಾಸ್ಕೆಲ್ ಅವರ ‘ಮೇರಿ ಬಾರ್ಟನ್’ (1848) ಕುರಿತು ಪ್ರಬಂಧ ಬರೆಯಬೇಕಿದೆ. ಮಗಳ ಪ್ರೇಮಕಥೆಗಿಂತ ಅಪ್ಪ ಜಾನ್ ಬಾರ್ಟನ್‌ನ ಸಿಟ್ಟೇ ಕಾದಂಬರಿಯ ಜೀವಾಳ ಅಂತ ನನಗನಿಸಿದೆ. ಮ್ಯಾಂಚೆಸ್ಟರ್‌ನ ಕೆಲಸಗಾರರ ಪರವಾಗಿ ಲಂಡನ್‌ಗೆ ಹೋದವನು ಬರಿಗೈಲಿ ಬರುತ್ತಾನಲ್ಲ, ಆ ಭಾಗ ಓದಿ ನಿದ್ದೆ ಬರಲಿಲ್ಲ.

ಆ ಕಾಲದ ಬ್ರಿಟನ್ ಕೆಲಸಗಾರರ ಮತದ ಹಕ್ಕಿನ ಹೋರಾಟವೇ ಚಾರ್ಟಿಸ್ಟ್ ಚಳವಳಿ; ಕಾದಂಬರಿಯ ಹಿನ್ನೆಲೆಯೂ ಅದೇ. ಅದರ ಬೇಡಿಕೆಪಟ್ಟಿಯಾದ 1838ರ ಪೀಪಲ್ಸ್ ಚಾರ್ಟರ್‌ನ ಆರು ಬೇಡಿಕೆಗಳು ಗೊತ್ತು: ವಯಸ್ಕ ಗಂಡಸರಿಗೆಲ್ಲ ಮತ, ಗುಪ್ತ ಮತದಾನ ಇತ್ಯಾದಿ. 1839ರಲ್ಲಿ ಪಾರ್ಲಿಮೆಂಟ್ ಮನವಿಯನ್ನು ತಳ್ಳಿಹಾಕಿದ್ದೂ ಗೊತ್ತು. ನನಗೆ ಬೇಕಿರುವುದು ಗಿರಣಿ ಕೆಲಸಗಾರರೇ ಬರೆದ ಪದ್ಯ, ಪತ್ರ, ಆತ್ಮಕಥೆ. ಲೀಡ್ಸ್‌ನಲ್ಲಿ ಶುರುವಾದ ‘ನಾರ್ದರ್ನ್ ಸ್ಟಾರ್’ ಎಂಬ ಚಾರ್ಟಿಸ್ಟ್ ಪತ್ರಿಕೆಯಲ್ಲಿ ಯಾವ ವರ್ಷದ ಸಂಚಿಕೆಗಳಿಂದ ಶುರುಮಾಡಲಿ? ಸಾಲ್‌ಫರ್ಡ್‌ನ ವರ್ಕಿಂಗ್ ಕ್ಲಾಸ್ ಮೂವ್‌ಮೆಂಟ್ ಲೈಬ್ರರಿಗೆ ಹೋದ ಕನ್ನಡಿಗರಿದ್ದರೆ ದಯವಿಟ್ಟು ಉತ್ತರಿಸಿ. ಕನ್ನಡದಲ್ಲಿ ಒಳ್ಳೆಯ ಲೇಖನವಿದ್ದರೂ ತಿಳಿಸಿ.